ಹುಳು ಮನೆಯ ಹೊಸ್ತಿಲು

ನನ್ನ ಮೂಗಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ದೊಡ್ಡ ತಪ್ಪು ಮಾಡಿದ್ದು ಅದೇ.

ಮೂವತ್ತೆರಡು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಹುಳು ಎಂದರೆ ಹಸುಗೂಸಿಗಿಂತ ನಾಜೂಕು. ಬೀಡಿ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ತಲೆಗೆ ಹಚ್ಚಿಕೊಂಡ ವಾಸನೆ ಎಣ್ಣೆ ಆಗದು. ಹೆಂಡ, ಬ್ರಾಂದಿಯ ವಾಸನೆಯಂತೂ ಹೊಸ್ತಿಲು ದಾಟಕೂಡದು. ಆದ್ದರಿಂದ ಹುಳು ಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರುವವರನ್ನು ಮೂಸಿ ನೋಡಿ ಬಿಡುವುದು ನನ್ನ ಅಭ್ಯಾಸ. ಊರಿನ ಯಾವ ಗಂಡಸು ಎಷ್ಟು ಹೊತ್ತಿಗೆ ಏನು ಕುಡಿದಿದ್ದಾನೆಂದು ನಾಲ್ಕು ಮಾರು ದೂರದಿಂದಲೇ ಹೇಳುತ್ತಿದ್ದೆ. ನಮ್ಮ ಹುತ್ತೂರು ಸುತ್ತಮುತ್ತಲಿನ ಹೆಂಗಸರು ಗಂಡಂದಿರನ್ನು ಹೆದರಿಸುವುದೇ ‘ಅಕ್ಕಯಮ್ಮನ ಹತ್ರ ಕರ್ಕೊಂಡು ಹೋಗ್ತೀನಿ’ ಎಂದು. ನನಗೂ ಅದರಲ್ಲಿ ಸ್ವಲ್ಪ ಜಂಬವೇ ಇತ್ತು.

ಇಂಥ ಮೂಗಿನವಳ ಮಗಳು ಮೆಚ್ಚಿದ್ದು ಬಾರಿನಲ್ಲಿ ಕೆಲಸ ಮಾಡುವವನನ್ನು.

ರಜನಿ ನನಗೆ ಒಬ್ಬಳೇ ಮಗಳು. ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಗಾಜು ಕುಯ್ದ ಕೈಗೆ ಹೊಲಿಗೆ ಹಾಕಿಸಿಕೊಳ್ಳಲು ಬಂದವನ ಹೆಸರು ನರೇಶ. ಹೊಲಿಗೆ ಬಿಚ್ಚಿದ ಮೇಲೂ ಅವನು ಬರುತ್ತಲೇ ಇದ್ದನಂತೆ. ನಂಗಲಿಯ ಹೆದ್ದಾರಿಯಲ್ಲಿ ಲಾರಿಯವರಿಗೆ ಚಹಾ ಮಾರುವ ಭೀಮರಾಜ್ ಅವರ ಮಗ ಎಂದಾಗ ನಾನು ತಲೆಯಾಡಿಸಿದೆ. ದುಡಿದು ತಿನ್ನುವ ಜನ, ಒಳ್ಳೆಯದೇ. ಹುಡುಗನಿಗೆ ಏನು ಕೆಲಸ ಎಂದು ಕೇಳಿದೆ. ಅವಳು ನನ್ನ ಕೈಯಿಂದ ಸೊಪ್ಪು ಹೆಚ್ಚುವ ಕತ್ತಿಯನ್ನು ತೆಗೆದುಕೊಂಡು, ದೂರ ಇಟ್ಟು, ಆಮೇಲೆ ಹೇಳಿದಳು.

ಕೋಲಾರದಲ್ಲಿ ಒಂದು ಬಾರು ಇದೆಯಂತೆ. ಹೊರಗಿನಿಂದ ನೋಡಿದರೆ ಬಾರು ಎಂದೇ ಗೊತ್ತಾಗುವುದಿಲ್ಲವಂತೆ. ಬಾಗಿಲಲ್ಲಿ ಒಂದು ಗುಟ್ಟಿನ ಮಾತು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರಂತೆ. ಲೈಸೆನ್ಸು ಎಲ್ಲ ಸರಿಯಾಗಿಯೇ ಇದೆ, ಬಚ್ಚಿಟ್ಟಿರುವುದು ಬರೀ ಮೋಜಿಗೆ ಎಂದಳು. ಅಲ್ಲಿ ಹಣ್ಣಿನ ರಸ, ಸೊಪ್ಪು, ಮಸಾಲೆಗಳನ್ನು ಮದ್ಯದ ಜೊತೆ ಬೆರೆಸಿ ಕಾಕ್‌ಟೇಲ್ ಮಾಡಿಕೊಡುವುದು ನರೇಶನ ಕೆಲಸ. ಅವನು ಮಾತ್ರ ಒಂದು ತೊಟ್ಟೂ ಕುಡಿಯುವುದಿಲ್ಲ ಎಂದು ಸೇರಿಸಿದಳು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೆ ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ ಎಂದೆ.

ನನ್ನ ಗಂಡ ಅಶ್ವತ್ಥಪ್ಪ ಕುಡಿದೇ ಹೋದ. ಮುಚ್ಚಿಟ್ಟು ಆಗಬೇಕಾದದ್ದೇನಿಲ್ಲ, ಊರಿಗೆಲ್ಲ ಗೊತ್ತು. ಹನ್ನೊಂದು ವರ್ಷವಾಯಿತು. ಬದುಕಿದ್ದಷ್ಟು ದಿನ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹುಳು ಮನೆಯ ಹೊಸ್ತಿಲವರೆಗೆ ತಂದು ಇಳಿಸಿ ಹಿಂದಕ್ಕೆ ಹೋಗುತ್ತಿದ್ದ. ಆ ಮನೆ ಕಟ್ಟಿಸಿದವನು ಅವನೇ. ಆದರೂ ಒಳಗೆ ಹುಳು ಇದ್ದಾಗ ಒಂದು ದಿನವೂ ಅವನನ್ನು ಒಳಗೆ ಬಿಟ್ಟುಕೊಂಡವಳಲ್ಲ ನಾನು. ಇಂಥವನ ಜೊತೆ ಇಪ್ಪತ್ತೊಂದು ವರ್ಷ ಬಾಳಿದ ಮೇಲೆ, ಹೆತ್ತ ಮಗಳನ್ನು ಬಾಟಲಿ ಹಿಡಿಯುವವನ ಕೈಗೆ ಕೊಡಲು ನನಗೇನು ಹುಚ್ಚೇ?

ನಾಲ್ಕು ತಿಂಗಳು ಬೇಡ ಎಂದೆ. ರಜನಿ ಅಳಲಿಲ್ಲ, ಊಟ ಬಿಡಲಿಲ್ಲ. ಅವಳ ಅಪ್ಪನ ಹಾಗೆ ಸುಮ್ಮನಾದಳು. ಅದು ಅಳುವುದಕ್ಕಿಂತ ಕಷ್ಟ. ಕೊನೆಗೆ ಒಂದು ಭಾನುವಾರ ಹೇಳಿದಳು.

“ನೀನು ನೋಡಿ ಬೇಡ ಅಂದ್ರೆ ಇನ್ನೊಂದ್ ಸಲ ಕೇಳಲ್ಲಮ್ಮ. ನೋಡ್ದೇನೇ ಬೇಡ ಅಂತೀಯಲ್ಲ, ಅದೊಂದು ನಾನು ಒಪ್ಪಲ್ಲ.”

ನ್ಯಾಯವಾದ ಮಾತು. ನರೇಶ ಊರಿಗೇ ಬರುತ್ತಾನೆಂದಳು, ನಾನು ಬೇಡವೆಂದೆ. ಹೆಣ್ಣು ನೋಡಲು ಬರುವ ದಿನ ಎಲ್ಲ ಗಂಡಸರೂ ಸ್ನಾನ ಮಾಡಿ ಪೌಡರು ಬಳಿದುಕೊಂಡೇ ಬರುತ್ತಾರೆ. ಕೆಲಸದ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ ನೋಡಬೇಕು. ಹತ್ತಿರ ನಿಂತು ಒಂದು ಸಲ ಉಸಿರೆಳೆದುಕೊಂಡರೆ ನನಗೆ ಸಾಕು, ವಾಸನೆ ಬಂದರೆ ಮದುವೆ ಮಾತು ಅಲ್ಲಿಗೇ ಮುಗಿಯಿತು ಎಂದೆ. ಅವಳು ಒಪ್ಪಿದಳು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೇ ಸ್ವಲ್ಪ ಅಳುಕಾಯಿತು.

ಹುಳು ಮೂರನೇ ಜ್ವರಕ್ಕೆ ಕೂತ ದಿನ ಹೊರಟೆ. ಪೊರೆ ಬಿಡುವ ಮುಂಚೆ ಹುಳು ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದನ್ನೇ ನಾವು ಜ್ವರ ಎನ್ನುವುದು. ಗೂಡು ಕಟ್ಟುವುದರೊಳಗೆ ಇಂಥ ನಾಲ್ಕು ಜ್ವರ ಬರುತ್ತವೆ. ಹುಳುವಿಗೆ ಜ್ವರ ಬಂದರೆ ಸಾಕುವವರಿಗೆ ರಜೆ. ಸುಣ್ಣದ ಪುಡಿ ಉದುರಿಸಿ, ಬಾಗಿಲು ಎಳೆದುಕೊಂಡು, ಮಧ್ಯಾಹ್ನದ ಬಸ್ಸು ಹತ್ತಿದೆ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ರಜನಿ ಕಾದಿದ್ದಳು. ಆಟೋ ಟೊಮೆಟೊ ಮಂಡಿ ದಾಟಿ, ಎರಡು ತಿರುವು ತಿರುಗಿ, ಒಂದು ಗಲ್ಲಿಗೆ ಹೊಕ್ಕಿತು. ಐದು ಗಂಟೆ, ಬಿಸಿಲು ಇನ್ನೂ ಇತ್ತು.

ಆಟೋ ನಿಂತಿದ್ದು ಒಂದು ಹುಳು ಮನೆಯ ಮುಂದೆ.

ಹೆಂಚಿನ ಮಾಡು. ಹುಳು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆ ಬಲೆ. ಹಣ್ಣಾದ ಹುಳು ಗೂಡು ಕಟ್ಟಲಿ ಎಂದು ಬಿಡುತ್ತೇವಲ್ಲ, ಆ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಹೊಸ್ತಿಲ ಮುಂದೆ ಸುಣ್ಣದ ಪಟ್ಟಿ ಎಳೆದಿದ್ದರು. ಬಾಗಿಲ ಮೇಲೆ ‘ಹುಳು ಮನೆ, ಅನ್ಯರಿಗೆ ಪ್ರವೇಶವಿಲ್ಲ’ ಎಂದು ಬರೆದಿತ್ತು.

ಇಳಿದವಳು ಇಳಿದಲ್ಲೇ ನಿಂತೆ. ಒಂದು ಹುಳು ಮನೆಯಿಂದ ಬಂದವರು ಇನ್ನೊಬ್ಬರ ಹುಳು ಮನೆಗೆ ಹೋಗಬಾರದು. ಕಾಲಲ್ಲಿ, ಸೆರಗಿನಲ್ಲಿ ರೋಗ ಹೊತ್ತುಕೊಂಡು ಹೋಗುತ್ತೇವೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಯಾರ ಬೆಳೆ ಹಾಳು ಮಾಡಿಸಲು ನನ್ನನ್ನು ಕರೆತಂದೆ ಎಂದು ರಜನಿಯನ್ನು ಬೈದೆ. ಅವಳು ನಗು ತಡೆದುಕೊಂಡು, ಬಾರು ಇದೇ ಎಂದಳು. ನಾನು ನಂಬಲಿಲ್ಲ. ಚಪ್ಪಲಿ ಬೀದಿಯಲ್ಲೇ ಬಿಟ್ಟೆ. ಪಕ್ಕದಲ್ಲಿ ಒಂದು ನಲ್ಲಿ ಇತ್ತು. ಕಾಲು ತೊಳೆದೆ, ಮೊಣಕೈವರೆಗೆ ಕೈ ತೊಳೆದೆ, ಸೆರಗು ಬಿಗಿದು ಸಿಕ್ಕಿಸಿಕೊಂಡೆ. ಅಷ್ಟಾದ ಮೇಲೇ ಬಾಗಿಲ ಹತ್ತಿರ ಹೋದದ್ದು.

ಬಾಗಿಲು ಕಾಯುವವನು ಆಂಜಿ ಎಂಬ ದಪ್ಪ ಮೀಸೆಯ ಮನುಷ್ಯ. ಸಂದಿಯಿಂದ ಮುಖ ಹಾಕಿ ಗಂಭೀರವಾಗಿ ಕೇಳಿದ.

“ಹುಳು ಎಷ್ಟನೇ ಜ್ವರದಲ್ಲಿ ಅವೆ?”

“ಮೂರನೇದು,” ಎಂದೆ. “ಬೆಳಗ್ಗೆ ಕೂತವೆ.”

ಅವನು ಬಾಗಿಲು ಹಾಕಿಕೊಂಡ.

ರಜನಿ ನನ್ನ ಕಿವಿಯಲ್ಲಿ, ಇದೇ ಗುಟ್ಟಿನ ಮಾತು, ಈ ವಾರ ನಾಲ್ಕನೇ ಜ್ವರ ಎನ್ನಬೇಕು ಎಂದಳು. ಮೂರನೇ ಜ್ವರದಲ್ಲಿರುವ ಹುಳುವನ್ನು ನಾಲ್ಕನೇ ಜ್ವರ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಹುಳುವಿನ ವಿಷಯದಲ್ಲಿ ಸುಳ್ಳು ಹೇಳಿದರೆ ಬೆಳೆ ಕೈಹತ್ತುವುದಿಲ್ಲ, ಇದು ನನ್ನ ಅತ್ತೆ ದೊಡ್ಡಗಂಗಮ್ಮ ಕಲಿಸಿದ ಮೊದಲ ಪಾಠ. ಕೊನೆಗೆ ಸುಳ್ಳನ್ನು ಮಗಳೇ ಹೇಳಿದಳು, ಬಾಗಿಲು ತೆರೆಯಿತು. ಒಳಗೆ ಹೋಗುವಾಗ ನಾನು ಆಂಜಿಗೆ, ನಮ್ಮದು ಮೂರನೆಯದೇ ಎಂದು ಇನ್ನೊಂದು ಸಲ ತಿಳಿಸಿದೆ.

ಮೊದಲ ಕೋಣೆಯಲ್ಲಿ ಹುಳುವಿನ ತಟ್ಟೆ ಜೋಡಿಸಿದ ಅಟ್ಟಣಿಗೆ. ತಟ್ಟೆಗಳು ಖಾಲಿ. ಆಂಜಿ ಅಟ್ಟಣಿಗೆಯನ್ನು ತಳ್ಳಿದ, ಅದು ಬಾಗಿಲಿನ ಹಾಗೆ ತಿರುಗಿತು. ಆಚೆಗೆ ತಣ್ಣಗಿನ ದೊಡ್ಡ ಕೋಣೆ, ಹತ್ತು ಮೇಜು. ಮಾಡಿನಿಂದ ಇಳಿಬಿಟ್ಟ ಚಂದ್ರಿಕೆಗಳಲ್ಲಿ ನಿಜವಾದ ಗೂಡುಗಳು, ಅವುಗಳ ನಡುವೆ ಸಣ್ಣ ಸಣ್ಣ ದೀಪ. ಮೂರು ಮೇಜಿನಲ್ಲಿ ಮಾತ್ರ ಜನ ಇದ್ದರು. ಒಬ್ಬರು ಕಾಲೇಜಿನ ಮೇಷ್ಟ್ರ ಥರ ಇದ್ದರು, ನನ್ನನ್ನು ನೋಡಿ ಲೋಟವನ್ನು ಪುಸ್ತಕದ ಹಿಂದೆ ಸರಿಸಿದರು.

ಮಾಲೀಕರು ಆಶಾರಾಣಿ ಎಂಬ ಐವತ್ತರ ಹೆಂಗಸು. ನನ್ನ ಬರಿಗಾಲು ನೋಡಿದರು, ನೆಲದ ಮೇಲಿನ ಒದ್ದೆ ಹೆಜ್ಜೆ ನೋಡಿದರು. ಮಾಲೂರಿನ ಕಡೆ ಅವರ ತಾಯಿಯೂ ಹುಳು ಸಾಕುತ್ತಿದ್ದರಂತೆ. ಆ ಮನೆ ಬಿದ್ದ ಮೇಲೆ ಅದರ ತೊಲೆ, ತಟ್ಟೆ, ಚಂದ್ರಿಕೆ ಎಲ್ಲ ತಂದು ಇದನ್ನು ಮಾಡಿದರಂತೆ. ಎರಡು ವರ್ಷದಲ್ಲಿ ಎಷ್ಟೋ ಜನ ಬಂದರು, ಕಾಲು ತೊಳೆದು ಬಂದವರು ನೀವೊಬ್ಬರೇ ಎಂದರು. ಹುಳು ಮನೆಯನ್ನು ಹೆಂಡದಂಗಡಿ ಮಾಡಿದ್ದಕ್ಕೆ ಬೈಯಬೇಕೆಂದಿದ್ದೆ. ಬಾಯಿ ಬರಲಿಲ್ಲ. ಆ ಮೂಲೆಯ ಚಂದ್ರಿಕೆ ಹಿಂದುಮುಂದಾಗಿದೆ ಎಂದಷ್ಟೇ ಹೇಳಿದೆ.

ನರೇಶ ಕೌಂಟರ್ ಕಟ್ಟೆಯ ಹಿಂದೆ ನಿಂತಿದ್ದ. ಸಣಕಲು ಮನುಷ್ಯ, ಮೂವತ್ತರ ಹತ್ತಿರ. ನಾನು ಬರುವುದು ಅವನಿಗೆ ಗೊತ್ತಿತ್ತು, ಆದರೂ ನೋಡಿದ ಕೂಡಲೇ ಕನ್ನಡ ಮರೆತುಹೋಗಿ “ಕೂರ್ಚೋಂಡಿ ಅಮ್ಮಾ” ಎಂದ. ನಂಗಲಿ ಕಡೆಯವರು ಹೆದರಿದಾಗ ತೆಲುಗಿಗೆ ಇಳಿಯುತ್ತಾರೆ. ನಾನು ಕೂತೆ. ಅವನು ಏನು ಕೊಡಲಿ ಎಂದು ಕೇಳಲಿಲ್ಲ. ಒಂದು ಡಬ್ಬಿ ತೆಗೆದು ಹಿಪ್ಪುನೇರಳೆ ಹಣ್ಣು ಹಾಕಿ ಕುಟ್ಟಿದ, ಬೆಲ್ಲದ ನೀರು ಹಾಕಿದ, ಶ್ರೀನಿವಾಸಪುರದ ಮಾವಿನಕಾಯಿ ಬೇಯಿಸಿ ಹಿಂಡಿದ ಹುಳಿ ಹಾಕಿದ, ಚಿಟಿಕೆ ಉಪ್ಪು. ಬಾಟಲಿಗಳಿದ್ದ ಕಡೆಗೆ ಕೈ ಹೋಗುತ್ತದೋ ಎಂದು ನಾನು ರೆಪ್ಪೆ ಮಿಟುಕಿಸದೆ ಕಾದೆ. ಹೋಗಲಿಲ್ಲ. ಹಣ್ಣು ಮಾತ್ರ ನನಗೆ ಗುರುತು ಸಿಕ್ಕಿತು. ಎರಡು ತಿಂಗಳಿಂದ ನಮ್ಮ ಬದುವಿನ ಗಿಡದಲ್ಲಿ ಹಣ್ಣು ಮಾಯವಾಗುತ್ತಿತ್ತು, ನಾನು ಗೊರವಂಕಗಳಿಗೆ ಶಾಪ ಹಾಕುತ್ತಿದ್ದೆ. ರಜನಿ ಬೇರೆ ಕಡೆ ನೋಡಿದಳು.

ಸ್ಟೀಲು ಲೋಟವನ್ನು ಅವನೇ ತಂದ. ಮೇಜಿನ ಮೇಲೆ ಇಡಲು ಬಾಗಿದ.

ಆಗ ಬಂತು. ಬ್ರಾಂದಿಯ ವಾಸನೆ, ಸ್ಪಷ್ಟವಾಗಿ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ. ನನ್ನೊಳಗೆ ಏನೋ ಗೆದ್ದಂತಾಯಿತು, ಜೊತೆಗೇ ಏನೋ ಕುಸಿಯಿತು. ರಜನಿ ನನ್ನ ಮೂಗನ್ನೇ ನೋಡುತ್ತಿದ್ದಳು. ಹದಿಮೂರು ಹದಿನಾಲ್ಕು ವರ್ಷ ಆ ಮೂಗಿನ ಕೆಳಗೆ ಅಪ್ಪನನ್ನು ನೋಡಿ ಬೆಳೆದವಳು, ಅವಳಿಗೆ ಹೇಳಬೇಕಾಗಿರಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಹೊರಡೋಣ ಎನ್ನುವ ಹಾಗೆ. ಕೊಟ್ಟ ಮಾತಿಗೆ ನಿಂತಿದ್ದಳು.

ಅವಳು ಜಗಳವಾಡಿದ್ದರೆ ನಾನು ಎದ್ದೇ ಬಿಡುತ್ತಿದ್ದೆ. ಆ ಚೀಲ ಎತ್ತಿಕೊಂಡದ್ದು ನೋಡಿ ಕೂತಲ್ಲೇ ಕೂತೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ, ಮಗಳ ಬಾಳು, ಇನ್ನೊಂದು ಸಲ ನೋಡಿದರೆ ಗಂಟೇನು ಹೋಗುತ್ತದೆ ಎನ್ನಿಸಿತು.

“ಬಾಪ್ಪಾ ಇಲ್ಲಿ,” ಎಂದೆ. “ಊದು.”

ಯಾಕೆ, ಏನು ಎಂದು ಅವನು ಕೇಳಲಿಲ್ಲ. ಅಷ್ಟು ಜನರ ಮುಂದೆ, ನನ್ನ ಮುಖದ ಹತ್ತಿರ ಬಾಗಿ ಊದಿದ. ಜೀರಿಗೆ ವಾಸನೆ. ಇನ್ನೊಂದು ಸಲ ಎಂದೆ. ಜೀರಿಗೆಯೇ. ಮೂರನೆಯ ಸಲಕ್ಕೆ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ನಮ್ಮ ಕಡೆ ನೋಡುತ್ತಿದ್ದರು. ಬಾಯಿಯಲ್ಲಿ ಏನೂ ಇರಲಿಲ್ಲ. ಅವನ ತೋಳು ಹಿಡಿದು ಅಂಗಿಯನ್ನು ಮೂಸಿದೆ. ವಾಸನೆ ಅಲ್ಲಿತ್ತು.

“ಷರ್ಟಲ್ಲೈತೆ ಅಮ್ಮಾ,” ಎಂದ ನರೇಶ. “ದಿನಾ ಸುರೀತೀವಲ್ಲ, ಮೈಮೇಲೆ ಚೆಲ್ತದೆ. ಒಗ್ಯದಿದ್ರಂತೂ ಎರಡು ದಿನ ಹಂಗೇ ಇರ್ತದೆ. ಮನುಷ್ಯ ಕುಡೀದಿದ್ರೂ ಷರ್ಟು ಕುಡ್ದಿರ್ತದೆ. ನಮ್ಮಮ್ಮನೂ ಮೊದಲು ನಂಬ್ತಿರಲಿಲ್ಲ, ಹಿಂಗೇ ಊದಿಸ್ತಿದ್ರು.”

ನಾನು ಅವನ ತೋಳು ಬಿಡಲಿಲ್ಲ. ಬಿಡಬೇಕು ಎನ್ನುವುದೇ ಮರೆತುಹೋಯಿತು.

ಅಶ್ವತ್ಥಪ್ಪ ಸಾಯುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಹುಳು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು, ತಡವಾದರೆ ತಟ್ಟೆಯಲ್ಲೇ ನೂಲು ಚೆಲ್ಲಿ ಹಾಳಾಗುತ್ತವೆ. ಊರಿನಲ್ಲೆಲ್ಲ ಒಂದೇ ದಿನ ಹಣ್ಣಾಗಿ ಆಳು ಸಿಕ್ಕಿರಲಿಲ್ಲ. ರಜನಿ ಶಾಲೆಗೆ ಹೋಗಿದ್ದಳು. ನಾನೊಬ್ಬಳೇ. ಅವನು ಎರಡು ಹೊರೆ ಸೊಪ್ಪು ಒಟ್ಟಿಗೇ ಹೊತ್ತು ತಂದು ಹೊಸ್ತಿಲ ಹತ್ತಿರ ಇಳಿಸಿದ. ಒಂದು ಎಲೆ ಕೆಳಗೆ ಬೀಳಲಿಲ್ಲ. ನಿಂತು ಹೇಳಿದ.

“ಇವತ್ತು ಮುಟ್ಟಿಲ್ಲ ಕಣೇ. ಒಳಗೆ ಬರ್ತೀನಿ. ಒಬ್ಳೇ ಸಾಯ್ತಿದೀಯ.”

ನಾನು ನಿಂತಲ್ಲಿಂದಲೇ ಉಸಿರೆಳೆದೆ. ವಾಸನೆ ಬಂತು. ನಿನ್ನ ಮಾತು ನಂಬಿದರೆ ನನ್ನ ಬೆಳೆ ಹೋಗುತ್ತದೆ, ಆಚೆ ಹೋಗು ಎಂದೆ. ಅವನು ಇನ್ನೊಂದು ಸಲ ಹೇಳಲಿಲ್ಲ. ಹೊರೆ ಕಟ್ಟಿದ್ದ ಹಗ್ಗ ಸುತ್ತಿಕೊಂಡು ಹೋದ. ಸಂಜೆ ತೂರಾಡಿಕೊಂಡು ಬಂದ. ನೋಡಿದೆಯಾ, ನನ್ನ ಮೂಗು ಸುಳ್ಳು ಹೇಳುವುದಿಲ್ಲ ಎಂದುಕೊಂಡೆ. ಅವತ್ತಿನಿಂದ ಸಾಯುವವರೆಗೆ ಒಳಗೆ ಬರ್ತೀನಿ ಎಂದು ಅವನು ಕೇಳಲೇ ಇಲ್ಲ.

ಅವನಿಗೆ ಇದ್ದದ್ದು ಎರಡು ಅಂಗಿ. ಹುಳು ಹಣ್ಣಾಗುವ ವಾರ ನಾನು ಬಟ್ಟೆ ಒಗೆದಿರಲಿಲ್ಲ. ಅವನು ಹಾಕಿಕೊಂಡಿದ್ದು ಹಿಂದಿನ ದಿನದ ಅಂಗಿ, ನೀಲಿ ಚೌಕಳಿಯದು. ಇದೆಲ್ಲ ನನಗೆ ಅವತ್ತೇ ಗೊತ್ತಿತ್ತು. ಕುಡಿದವನು ಎರಡು ಹೊರೆ ಸೊಪ್ಪನ್ನು ಎಲೆ ಚೆಲ್ಲದೆ ಇಳಿಸಲಾರ ಎನ್ನುವುದೂ ಗೊತ್ತಿತ್ತು. ನಾಲ್ಕು ಹೆಜ್ಜೆ ಹತ್ತಿರ ಹೋಗಿ ಊದು ಎಂದಿದ್ದರೆ ಮುಗಿಯುತ್ತಿತ್ತು. ಯಾರೋ ನಂಗಲಿಯವನಿಗೆ ಮೂರು ಸಲ ಊದು ಎಂದವಳು, ಕಟ್ಟಿಕೊಂಡ ಗಂಡನಿಗೆ ಒಂದು ಸಲವೂ ಎನ್ನಲಿಲ್ಲ. ಒಳಗೆ ಬಿಟ್ಟಿದ್ದರೆ ಅವನು ಕುಡಿಯುವುದು ಬಿಡುತ್ತಿದ್ದ ಎಂದು ನಾನು ಹೇಳುವುದಿಲ್ಲ. ಬಿಡುತ್ತಿರಲಿಲ್ಲವೇನೋ. ಆದರೆ ಅವತ್ತೊಂದು ದಿನ ಅವನು ನಿಜ ಹೇಳಿದ್ದ, ನಾನು ನಂಬಲಿಲ್ಲ.

ನರೇಶ ನನ್ನ ಕಣ್ಣು ನೋಡಿ ಗಾಬರಿಯಾದ. ಹುಳಿ ಜಾಸ್ತಿಯಾಯಿತೇ ಎಂದು ಕೇಳಿದ, ನಾನಿನ್ನೂ ಕುಡಿದೇ ಇರಲಿಲ್ಲ. ಲೋಟ ಎತ್ತಿ ಒಂದೇ ಸಲಕ್ಕೆ ಕುಡಿದೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಉಪ್ಪು ಒಂದು ಹರಳು ಕಡಿಮೆ ಎಂದೆ. ಏನಾದರೂ ಹೇಳಬೇಕಿತ್ತಲ್ಲ. ರಜನಿ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟಳು, ಮೆಲ್ಲಗೆ, ಶಬ್ದವಾಗದ ಹಾಗೆ.

“ಇನ್ನು ಹನ್ನೆರಡು ದಿನಕ್ಕೆ ನಮ್ಮ ಹುಳು ಹಣ್ಣಾಗ್ತವೆ,” ಎಂದೆ ನರೇಶನಿಗೆ. “ಆಳು ಸಿಗಲ್ಲ. ಬಾ.”

ಅದು ಒಪ್ಪಿಗೆಯೋ, ಬರೀ ಕೂಲಿಗೆ ಕರೆದದ್ದೋ ಎಂದು ಬಸ್ಸು ಹತ್ತಿಸುವಾಗ ಮಗಳು ಕೇಳಿದಳು. ನನಗೂ ಗೊತ್ತಿರಲಿಲ್ಲ. ಹುಳು ಹಣ್ಣಾಗಲಿ ನೋಡೋಣ ಎಂದೆ.

ಊರಿಗೆ ಬಂದ ಮಾರನೆಯ ದಿನ, ಹುಳು ಎದ್ದು ಸೊಪ್ಪು ಕೇಳುವ ಮುಂಚೆ, ಟ್ರಂಕಿನ ತಳದಿಂದ ನೀಲಿ ಚೌಕಳಿ ಅಂಗಿ ತೆಗೆದೆ. ಇನ್ನೊಂದು ಅಂಗಿ ಅವನ ಜೊತೆಗೇ ಹೋಗಿತ್ತು. ಇದರಲ್ಲಿ ಈಗ ಯಾವ ವಾಸನೆಯೂ ಇರಲಿಲ್ಲ, ಅವನದೂ ಸೇರಿ. ಅದಕ್ಕೆ ಅತ್ತೆ. ಅತ್ತು ಮುಗಿದ ಮೇಲೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆ.

ಹನ್ನೆರಡನೆಯ ದಿನ ಬೆಳಗ್ಗೆ ಹುಳು ಹಣ್ಣಾದವು. ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಜಾಗ ಹುಡುಕುತ್ತಿದ್ದವು. ರಜನಿ ರಜೆ ಹಾಕಿ ಬಂದಿದ್ದಳು. ಇಬ್ಬರೂ ಒಳಗೆ ಆರಿಸುತ್ತಿದ್ದೆವು, ಕೈ ಸಾಲುತ್ತಿರಲಿಲ್ಲ. ಏಳು ಗಂಟೆಯ ಬಸ್ಸು ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ನಿಂತರು.

ನರೇಶ ಹೊಸ್ತಿಲಿಗೆ ನಾಲ್ಕು ಹೆಜ್ಜೆ ಆಚೆ ನಿಂತಿದ್ದ, ಅಶ್ವತ್ಥಪ್ಪ ಸೊಪ್ಪು ಇಳಿಸುತ್ತಿದ್ದ ಜಾಗದಲ್ಲಿ. ಕಣ್ಣಲ್ಲಿ ನಿದ್ದೆಯಿತ್ತು. ಚಪ್ಪಲಿ ಆಗಲೇ ಬಿಟ್ಟಿದ್ದ.

“ಕೆಲಸ ಮುಗಿಸಿ ನೆಟ್ಟಗೆ ಬಂದೆ ಅಮ್ಮಾ, ಷರ್ಟು ರಾತ್ರೀದೇ,” ಎಂದ. “ನಾನು ಆಚೇನೇ ಇರ್ತೀನಿ. ಚಂದ್ರಿಕೆ ಎತ್ತಿ ಕೊಡೋದು ಅದೂ ಇದೂ ಮಾಡ್ತೀನಿ.”

ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ವಾಸನೆ ಬಂತು. ರಜನಿ ಹುಳು ಆರಿಸುವುದು ನಿಲ್ಲಿಸಿದಳು. ನಾನು ಹೊರಗೆ ಹೋದೆ, ಆ ನಾಲ್ಕು ಹೆಜ್ಜೆ ನಡೆದೆ, ಅವನ ಎದುರು ನಿಂತೆ. ಅವನು ಊದಲು ಬಾಗಿದ. ಬೇಡ ಎಂದು ತಲೆಯಾಡಿಸಿ, ಕಿಟಕಿಯ ಸರಳಿಗೆ ಮಡಿಸಿ ಹಾಕಿದ್ದ ಅಂಗಿಯನ್ನು ಅವನ ಕೈಗೆ ಕೊಟ್ಟೆ.

“ಕೈಕಾಲು ತೊಳ್ಕೊಂಡು ಇದು ಹಾಕ್ಕೊ,” ಎಂದೆ. “ಒಳಗೆ ಬಾ.”

ಎರಡು ಪದ. ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ.

ಅಂಗಿ ಅವನಿಗೆ ಭುಜದಲ್ಲಿ ಸಡಿಲ, ತೋಳು ಉದ್ದ. ರಜನಿ ಅದನ್ನು ಗುರುತು ಹಿಡಿದಳು, ಬಂದು ತೋಳು ಮಡಿಸಿ ಕೊಟ್ಟಳು. ಅವನು ತಲೆ ಬಗ್ಗಿಸಿ ಒಳಗೆ ಬಂದು, ಒಂದು ಹುಳುವನ್ನು ಎರಡು ಬೆರಳಿನಲ್ಲಿ ನೋಯದ ಹಾಗೆ ಎತ್ತಿ, ಎಲ್ಲಿ ಬಿಡಲಿ ಎಂದು ನನ್ನನ್ನು ಕೇಳಿದ. ನಾನು ಚಂದ್ರಿಕೆ ತೋರಿಸಿದೆ. ಅಶ್ವತ್ಥಪ್ಪನ ಅಂಗಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.